ಬಡಾವಣೆಯ ದುಡ್ಡು ಯಾವ ಊರಿನ ಚರಂಡಿಗೆ?

ಪಟ್ಟಣದ ಅಂಚಿನ ಊರುಗಳಲ್ಲಿ ಈಗ ಹೊಲದ ಬದುವಿಗಿಂತ ಸೈಟಿನ ಕಲ್ಲೇ ಹೆಚ್ಚು. ಬೆಳೆಗೆ ಬೆಲೆ ಇಲ್ಲದೆ, ಸೊಸೈಟಿ ಸಾಲ ತೀರದೆ ರೈತ ಜಮೀನು ಬಿಟ್ಟುಕೊಡುತ್ತಾನೆ. ಆ ಮಾತು ನಿಮಗೆ ಹೊಸದಲ್ಲ. ಇವತ್ತು ನಾನು ಕೇಳುವುದು, ಆ ಜಮೀನಿನಲ್ಲಿ ಬಡಾವಣೆ ಮಾಡುವವನು ಕಟ್ಟುವ ಹಣ ಎಲ್ಲಿ ಹೋಗುತ್ತದೆ ಅಂತ.

ಕಾನೂನು ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 18ನೇ ಕಲಮಿನಂತೆ ಭೂಬಳಕೆ ಬದಲಾವಣೆಗೆ ಶುಲ್ಕವಿದೆ. 18-ಎ ಕಲಮಿನಂತೆ ನೀರು ಸರಬರಾಜು, ವರ್ತುಲ ರಸ್ತೆ, ಕೊಳಗೇರಿ ಸುಧಾರಣೆ, ನಗರ ಸಾರಿಗೆ ಇವಕ್ಕೆ ಸೆಸ್ಸು, ಸರ್‌ಚಾರ್ಜು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆಯಲ್ಲಿ 32(5-ಎ) ಅಂತ ಒಂದಿದೆ. ಖಾಸಗಿ ಬಡಾವಣೆಯವರಿಂದ ನೀರು, ವಿದ್ಯುತ್ತು, ರಸ್ತೆ, ಸಾರಿಗೆ ಹೆಚ್ಚಿಸುವ ಖರ್ಚಿನ ಪಾಲು ಕೇಳಬಹುದು. ಗೃಹ ನಿರ್ಮಾಣ ಸಂಘಗಳ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2012ರಲ್ಲಿ ಕೋರ್ಟು ಆ ಕಲಮನ್ನು ಎತ್ತಿಹಿಡಿಯಿತು. ಸರಿಯಾದ ತೀರ್ಪೇ ಅದು. ನೂರಾರು ಸೈಟು ಮಾರಿ ಲಾಭ ತಿನ್ನುವವನು ನೀರಿನ ಪೈಪಿಗೆ ಪಾಲು ಕೊಡಲಿ, ಅದಕ್ಕೇಕೆ ಅಳಬೇಕು?

ಆದರೆ ಅವನು ಸ್ವಂತ ಜೇಬಿನಿಂದ ಕೊಡುತ್ತಾನೆ ಎಂದು ನಂಬಬೇಡಿ. ಶುಲ್ಕ ಎಷ್ಟು ಅಂತ ಅವನಿಗೆ ಮೊದಲೇ ಗೊತ್ತು. ಲೆಕ್ಕ ಹಾಕಿಯೇ ಎಕರೆಗೆ ಇಷ್ಟು ಅಂತ ರೈತನ ಹತ್ತಿರ ಚೌಕಾಸಿಗೆ ಕೂರುತ್ತಾನೆ. ಉಳಿದದ್ದನ್ನು ಸೈಟು ಕೊಳ್ಳುವ ಗುಮಾಸ್ತ, ಮೇಷ್ಟ್ರ ತಲೆಗೆ ಕಟ್ಟುತ್ತಾನೆ. ಸಾಲಗಾರ ರೈತನಿಗೆ ಕಾಯುವ ಶಕ್ತಿ ಇಲ್ಲ, ಆದ್ದರಿಂದ ಚೌಕಾಸಿಯಲ್ಲಿ ಸೋಲುವವನು ಅವನೇ. ಅಂದರೆ ಆ ಹಣದಲ್ಲಿ ದೊಡ್ಡ ಭಾಗ ನಮ್ಮದೇ ಅಪ್ಪಾ! ಸಾಲದ್ದಕ್ಕೆ ಪ್ರಾಧಿಕಾರದ ಯೋಜನೆಯಿಂದ ಪಕ್ಕದ ಜಮೀನಿನ ಬೆಲೆ ಏರಿದರೆ, ಮಾರದೆ ಉಳಿದವನ ಮೇಲೂ ಬೆಟರ್‌ಮೆಂಟ್ ತೆರಿಗೆ ಹಾಕಲು ಅದೇ 1976ರ ಕಾಯ್ದೆಯಲ್ಲಿ ಅವಕಾಶವಿದೆ.

ಹಣ ಸೇರುವುದು ಯೋಜನಾ ಪ್ರಾಧಿಕಾರದ ಖಜಾನೆಗೆ, ಗ್ರಾಮ ಪಂಚಾಯಿತಿಗಲ್ಲ. ಬಡಾವಣೆಯ ಒಳಗೆ ರಸ್ತೆ, ಚರಂಡಿ, ಪಾರ್ಕು ಮಾಡಬೇಕು, ಮಾಡುತ್ತಾರೆ ಅನ್ನೋಣ. ಗೇಟಿನ ಹೊರಗೆ? ಆ ಚರಂಡಿ ಬಂದು ಬೀಳುವುದು ನಮ್ಮ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ಬೆಳ್ಳಂದೂರು ಕೆರೆ ಒಂದು ಕಾಲಕ್ಕೆ ಗದ್ದೆಗೆ ನೀರು ಕೊಟ್ಟದ್ದು. 2015ರಲ್ಲಿ ನೊರೆಗೆ ಬೆಂಕಿ ಬಿತ್ತು, 2017ರಲ್ಲಿ ಮತ್ತೆ ಹತ್ತಿ ಉರಿಯಿತು. ನೀರಿಗೆ ಬೆಂಕಿ ಬಿದ್ದದ್ದನ್ನು ನಮ್ಮ ಅಜ್ಜಂದಿರು ಕೇಳಿದ್ದರೇ? ಕೊನೆಗೆ 2018ರ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ಕೆರೆಗಳ ಕೆಲಸಕ್ಕೆ 500 ಕೋಟಿ ರೂಪಾಯಿ ಪ್ರತ್ಯೇಕ ಖಾತೆಯಲ್ಲಿಡಲು ರಾಜ್ಯ ಸರಕಾರಕ್ಕೆ ಆಜ್ಞೆ ಮಾಡಿತು. ಅದು ಯಾರ ದುಡ್ಡು? ಊರೂರಿನ ತೆರಿಗೆದಾರನದು. ಸೈಟು ಮಾರಿದವನು ಅಷ್ಟರಲ್ಲಿ ಮುಂದಿನ ಊರಿಗೆ ಹೋಗಿ ಬೋರ್ಡು ನೆಟ್ಟಿದ್ದ.

ಆದ್ದರಿಂದ ನಮ್ಮ ಕೇಳಿಕೆ ಇಷ್ಟೆ. ಯಾವ ಗ್ರಾಮದ ಸರ್ವೆ ನಂಬರಿನಿಂದ ಶುಲ್ಕ ವಸೂಲಾಯಿತೋ ಅದರ ಒಂದು ಗೊತ್ತಾದ ಪಾಲು ಅದೇ ಗ್ರಾಮದ ಕಾಲುವೆ, ಕೆರೆ, ಕುಡಿಯುವ ನೀರಿಗೆ ಬರಬೇಕು, ಬೇರೆ ಖಾತೆಯಲ್ಲಿ ಇರಬೇಕು. ಕೊಳಚೆ ಶುದ್ಧಿಯ ವ್ಯವಸ್ಥೆ ನಡೆಯುವುದನ್ನು ಕಣ್ಣಾರೆ ನೋಡುವ ತನಕ ಕೊನೆಯ ಕಂತಿನ ಸೈಟುಗಳನ್ನು ಬಿಡುಗಡೆ ಮಾಡಬಾರದು. ವಸೂಲಿ ಎಷ್ಟು, ಖರ್ಚು ಎಷ್ಟು ಎಂಬುದನ್ನು ವರ್ಷಕ್ಕೆರಡು ಸಲ ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಮುಂದಿನ ಗ್ರಾಮಸಭೆಗೆ ಹೋದಾಗ ನಿಮ್ಮೂರಿನ ಲೆಕ್ಕವನ್ನು ಬರವಣಿಗೆಯಲ್ಲೇ ಕೇಳಿ, ಸ್ವೀಕೃತಿ ರುಜು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.