ಕೈತೋಟಕ್ಕೆ ಎರಡು ಪುಟದ ಲೆಕ್ಕ

ಮನೆ ಕಟ್ಟಿ ಮುಗಿಸಿದವರ ಮುಂದಿನ ಆಸೆ ಅಂಗಳದ್ದು. ಬಣ್ಣ ಬಳಿದಾಯಿತು, ಗೃಹಪ್ರವೇಶವೂ ಆಯಿತು. ಗೇಟಿನಿಂದ ಬಾಗಿಲವರೆಗೆ ಉಳಿದ ಜಾಗದಲ್ಲಿ ಒಂದಿಷ್ಟು ಹಸಿರು ಹುಲ್ಲು, ಅಂಚಿಗೆ ಹೂಗಿಡ ಇದ್ದರೆ ಎಷ್ಟು ಚೆಂದ! ಆಗ ಮನೆಯ ಯಜಮಾನರು ಒಂದು ಹಾಳೆ ತೆಗೆದುಕೊಂಡು ಗಿಡಕ್ಕಿಷ್ಟು, ಮಣ್ಣಿಗಿಷ್ಟು, ಕೂಲಿಗಿಷ್ಟು ಎಂದು ಬರೆಯುತ್ತಾರೆ. ಕೂಡಿಸಿದ ಮೇಲೆ ಲೆಕ್ಕ ಮುಗಿಯಿತು ಎಂದುಕೊಳ್ಳುತ್ತಾರೆ. ನಿಜವಾಗಿ ಮುಗಿದಿರುವುದು ಅರ್ಧ ಲೆಕ್ಕ ಮಾತ್ರ. ಮಣ್ಣು, ಗಿಡ ಒಂದು ಸಲದ ಖರ್ಚು. ನೀರು ದಿನದಿನದ ಖರ್ಚು.

ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಿ 30x40 ಅಡಿಯ ನಿವೇಶನದಲ್ಲಿ ಒಂದು ಮನೆ ಎಂದಿಟ್ಟುಕೊಳ್ಳಿ. ಮುಂದೆ 20 ಅಡಿ ಉದ್ದ, 10 ಅಡಿ ಅಗಲದ ಖಾಲಿ ಜಾಗ. ಅಂದರೆ 200 ಚದರ ಅಡಿ, ಸುಮಾರು 18.6 ಚದರ ಮೀಟರ್. ಇದಿಷ್ಟಕ್ಕೂ ಹುಲ್ಲು ಹಾಸಿದರೆ ಬೇಸಿಗೆಯಲ್ಲಿ ಎಷ್ಟು ನೀರು ಬೇಕು?

ಬಿಸಿಲಿಗೆ ಮಣ್ಣಿನ ತೇವ ಆವಿಯಾಗುತ್ತದೆ. ಬಾಷ್ಪವಿಸರ್ಜನೆಯಿಂದ ಎಲೆಗಳೂ ನೀರನ್ನು ಹೊರಬಿಡುತ್ತವೆ. ಕಡುಬೇಸಿಗೆಯಲ್ಲಿ ಈ ಎರಡೂ ಸೇರಿ ದಿನಕ್ಕೆ ಸುಮಾರು 5 ಮಿಲಿಮೀಟರಿನಷ್ಟು ನೀರು ಹೋಗುತ್ತದೆ. ಇಲ್ಲಿ ವಿದ್ಯಾರ್ಥಿಗಳು ಒಂದು ಸೂತ್ರ ನೆನಪಿಡಬೇಕು: ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಹಾಗಾದರೆ 18.6ನ್ನು 5ರಿಂದ ಗುಣಿಸಿ: ದಿನಕ್ಕೆ 93 ಲೀಟರ್, ತಿಂಗಳಿಗೆ ಸುಮಾರು 2,800 ಲೀಟರ್. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ಬೇಕೆಂಬುದು ನಮ್ಮ ದೇಶದ ಯೋಜನೆಗಳಲ್ಲಿ ಬಳಸುವ ಪ್ರಮಾಣ. ಅದರ ಮೂರನೇ ಎರಡು ಭಾಗವನ್ನು ಈ ಪುಟ್ಟ ಹುಲ್ಲುಹಾಸೇ ಕುಡಿಯುತ್ತದೆ!

ಈ ನೀರಿಗೂ ಬೆಲೆಯಿದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವೆದ್ದಾಗ ಜಿಲ್ಲಾಡಳಿತವು ಟ್ಯಾಂಕರ್ ದರ ನಿಗದಿ ಮಾಡಿತು. 5 ಕಿಲೋಮೀಟರಿನೊಳಗೆ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ. ಆ ದರದಲ್ಲಿ ನೋಡಿದರೂ ಹುಲ್ಲಿಗೆಂದೇ ತಿಂಗಳಿಗೆ ಹತ್ತಿರ ಹತ್ತಿರ ಅರ್ಧ ಟ್ಯಾಂಕರ್, 280 ರೂಪಾಯಿ. ಹಣ ಇದ್ದವರು ಕೊಟ್ಟಾರು. ಆದರೆ ಅದೇ ತಿಂಗಳು ಜಲಮಂಡಳಿಯು ಕುಡಿಯುವ ನೀರನ್ನು ತೋಟಕ್ಕೆ, ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಸಾರಿತು. ಜನ ಕೊಡ ಹಿಡಿದು ಸಾಲು ನಿಂತಿರುವಾಗ ಹುಲ್ಲಿಗೆ ನೀರು ಬಿಡುವುದು ಯಾರ ಮನಸ್ಸಿಗೂ ಒಪ್ಪುವ ಕೆಲಸವಲ್ಲ. ನೀರು ನಿಂತರೆ ಹುಲ್ಲು ಒಣಗುತ್ತದೆ, ಹಾಸಲು ಹಾಕಿದ ಹಣವೂ ಅದರ ಜೊತೆಗೇ ಹೋಗುತ್ತದೆ.

ಹಾಗಾದರೆ ಗಿಡ ನೆಡುವುದೇ ಬೇಡವೆ? ಹಾಗಲ್ಲ. ಮೊದಲು ಲೆಕ್ಕ, ಆಮೇಲೆ ಗುದ್ದಲಿ ಎನ್ನಬೇಕು. ಇದಕ್ಕೆ ಒಳ್ಳೆಯ ಉದಾಹರಣೆ ಪಶ್ಚಿಮ ಬೆಂಗಳೂರಿನಲ್ಲೇ, ವಿಜಯನಗರದಲ್ಲಿದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ ಅವರು 1995ರ ಸುಮಾರಿಗೆ ಅಲ್ಲಿ ಮನೆ ಕಟ್ಟಿ, ಜಲಮಂಡಳಿಯ ನಲ್ಲಿ ಹಾಕಿಸದೆ ಮಳೆನೀರಿನಲ್ಲೇ ಸಂಸಾರ ನಡೆಸಿದವರು. ಅವರು ಮೊದಲು ನೋಡಿದ್ದು ಹಳೆಯ ಮಳೆ ದಾಖಲೆಗಳನ್ನು. ಎರಡು ಒಳ್ಳೆಯ ಮಳೆಗಳ ನಡುವೆ ಅತಿ ಹೆಚ್ಚೆಂದರೆ ಸುಮಾರು ನೂರು ದಿನಗಳ ಅಂತರ ಎಂದು ಕಂಡುಕೊಂಡರು. ಮನೆಗೆ ದಿನಕ್ಕೆ ಸುಮಾರು 400 ಲೀಟರ್ ಬೇಕು. ನೂರರಿಂದ ಗುಣಿಸಿದರೆ 40,000 ಲೀಟರ್. ಕೂಡಿಡುವ ವ್ಯವಸ್ಥೆಯನ್ನು ಅದಕ್ಕಿಂತ ತುಸು ಹೆಚ್ಚಾಗಿಯೇ ಮಾಡಿಕೊಂಡರು. ಪ್ರಾಥಮಿಕ ಶಾಲೆಯ ಗುಣಾಕಾರ. ಪ್ರಯೋಜನ ಮಾತ್ರ ಜೀವಮಾನದ್ದು.

ಅದೇ ಗುಣಾಕಾರವನ್ನು ಬ್ಯಾಡರಹಳ್ಳಿಯ ಅಂಗಳಕ್ಕೆ ತರಬಹುದು. ಹುಲ್ಲಿನ ಬದಲು 10 ಅಡಿ ಉದ್ದ, 4 ಅಡಿ ಅಗಲದ ಒಂದೇ ಪಾತಿ ಸಾಕು. ಅದು 3.7 ಚದರ ಮೀಟರ್. ದಿನಕ್ಕೆ ಸುಮಾರು 18 ಲೀಟರ್ ನೀರು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಬಕೆಟ್ಟಿಗೆ ಸುರಿದರೆ ಹತ್ತು ಲೀಟರ್ ಸಿಕ್ಕೀತು. ಉಳಿದ 8 ಲೀಟರನ್ನು ನೂರು ದಿನಕ್ಕೆ ಗುಣಿಸಿದರೆ 800 ಲೀಟರ್. ಚಾವಣಿ 800 ಚದರ ಅಡಿ ಇದ್ದರೆ 20 ಮಿಲಿಮೀಟರಿನ ಒಂದೇ ಮಳೆಗೆ 1,400 ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಮೊದಲ ನೀರನ್ನು ಕೊಳೆಯೊಂದಿಗೆ ಹೊರಗೆ ಬಿಟ್ಟರೂ ಸಾವಿರ ಲೀಟರಿನ ತೊಟ್ಟಿ ತುಂಬುತ್ತದೆ. ಅದಕ್ಕೆ ಮುಚ್ಚಳ ಭದ್ರವಾಗಿರಲಿ, ಇಲ್ಲವಾದರೆ ಸೊಳ್ಳೆಗಳಿಗೆ ತವರುಮನೆಯಾದೀತು.

ಇನ್ನು ಹಣದ ಪುಟ. ಹೊಸ ಮನೆಯ ಅಂಗಳದಲ್ಲಿ ಮಣ್ಣಿಗಿಂತ ಇಟ್ಟಿಗೆ ಚೂರು, ಗಾರೆಯೇ ಹೆಚ್ಚು. ಅದನ್ನು ಒಂದಡಿ ಆಳ ತೆಗೆದು ಹೊಸ ಮಣ್ಣು ತುಂಬಬೇಕು. ಪಾತಿಗೆ 40 ಘನ ಅಡಿ ಬೇಕು. ಒಂದು ಸಿಮೆಂಟ್ ಚೀಲದಲ್ಲಿ ಹಿಡಿಯುವುದು ಒಂದೂಕಾಲು ಘನ ಅಡಿ. ಒಟ್ಟು 32 ಚೀಲ: 16 ಕೆಮ್ಮಣ್ಣು, 8 ಮರಳು, 8 ಕೊಟ್ಟಿಗೆ ಗೊಬ್ಬರ. ಲೋಡುಗಟ್ಟಲೆ ತರಿಸಿ ಬೀದಿಯಲ್ಲಿ ಸುರಿಸಿಕೊಳ್ಳುವ ಅಗತ್ಯವಿಲ್ಲ.

ಖರ್ಚಿಗೆ ನೂರು ರೂಪಾಯಿ ಇದ್ದರೆ 40ನ್ನು ಮಣ್ಣು-ಗೊಬ್ಬರಕ್ಕೆ, 30ನ್ನು ತೊಟ್ಟಿ-ಕೊಳವೆಗೆ, 15ನ್ನು ಗಿಡಕ್ಕೆ ಇಟ್ಟು, 15ನ್ನು ಕೈಯಲ್ಲೇ ಉಳಿಸಿಕೊಳ್ಳುವುದು ಜಾಣತನ. ಗಿಡಕ್ಕೆ ಇಷ್ಟು ಕಡಿಮೆಯೆ ಎಂದು ಕೇಳಬೇಡಿ. ದಾಸವಾಳ, ನಂಜಬಟ್ಟಲು, ದೊಡ್ಡಪತ್ರೆ ಕಡ್ಡಿಯಿಂದಲೇ ಬರುತ್ತವೆ. ಕರಿಬೇವಿನ ಬುಡದ ಮರಿಯನ್ನು ಪಕ್ಕದ ಮನೆಯವರು ಸಂತೋಷದಿಂದ ಕೊಡುತ್ತಾರೆ. ಕೈಯಲ್ಲಿ ಉಳಿಸಿದ ಹಣ ಸತ್ತ ಗಿಡದ ಜಾಗಕ್ಕೆ ಇನ್ನೊಂದನ್ನು ತರಲು.

ಈ ಭಾನುವಾರ ಮನೆಯ ಮಕ್ಕಳೇ ಟೇಪು ಹಿಡಿದು ಅಂಗಳ ಅಳೆಯಲಿ. ಒಂದು ವಾರ ಅಡುಗೆಮನೆಯ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಬರೆದಿಡಲಿ. ನೋಟುಬುಕ್ಕಿನ ಎಡಪುಟದಲ್ಲಿ ರೂಪಾಯಿ, ಬಲಪುಟದಲ್ಲಿ ಲೀಟರ್. ಬಲಪುಟದ ಮೊತ್ತ ನೋಡಿದ ಮೇಲೆಯೇ ಪಾತಿ ಎಷ್ಟು ದೊಡ್ಡದಿರಬೇಕೆಂದು ಅಪ್ಪ-ಅಮ್ಮ ತೀರ್ಮಾನಿಸಲಿ.