ವೇಗದ ಕಾರು, ನಿಧಾನದ ರಸ್ತೆ

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸುಮಾರು 40 ಕಿ.ಮೀ. ಬೆಂಗಳೂರು–ಪುಣೆ ಹೆದ್ದಾರಿಯ ಈ ಭಾಗಕ್ಕೆ ಬಂದರೆ ಟರ್ಬೊ ಎಂಜಿನ್ನಿನ ಕಾರು ಇಟ್ಟುಕೊಂಡವರ ಬಲಗಾಲು ತುರಿಸುತ್ತದೆ. ಅದೇ ಕಾರು ದುರ್ಗ ದಾಟಿ ಹೊಳಲ್ಕೆರೆ, ಹೊಸದುರ್ಗದ ಒಳದಾರಿಗಳಿಗೆ ತಿರುಗಿದರೆ ಕಥೆ ಬೇರೆ: ಊರೂರಿಗೆ ಹಂಪ್ಸ್, ಅಡ್ಡ ಬರುವ ಕುರಿಮಂದೆ, ಸುಗ್ಗಿಯಲ್ಲಿ ಟಾರಿನ ಮೇಲೇ ಒಕ್ಕಣೆ. ಬಲವಾದ ಎಂಜಿನ್ನಿನ ಆಟೊಮ್ಯಾಟಿಕ್ ಕಾರು ಕೊಳ್ಳುವವರಿಗೆ ಟಾರ್ಕ್ ಕನ್ವರ್ಟರ್ ಒಳ್ಳೆಯದೋ, ಡ್ಯುಯಲ್ ಕ್ಲಚ್ಚೋ? ಎರಡೂ ದಾರಿಗಳನ್ನು ಗಮನದಲ್ಲಿಟ್ಟೇ ಉತ್ತರ ಹುಡುಕಬೇಕು.

ಜೋಗಿಮಟ್ಟಿಯ ಗಾಳಿಯಂತ್ರ ಕಂಡವರಿಗೆ ಟಾರ್ಕ್ ಕನ್ವರ್ಟರ್ ಬೇಗ ಅರ್ಥವಾಗುತ್ತದೆ. ಅಲ್ಲಿ ರೆಕ್ಕೆ ತಿರುಗಿಸುವುದು ಗಾಳಿ, ಇಲ್ಲಿ ಎಣ್ಣೆ. ಎಂಜಿನ್ ಕಡೆಯ ಪಂಪ್ ಎಣ್ಣೆಯನ್ನು ತಳ್ಳುತ್ತದೆ, ಆ ಹೊಡೆತಕ್ಕೆ ಗೇರ್‌ಬಾಕ್ಸ್ ಕಡೆಯ ಟರ್ಬೈನ್ ತಿರುಗುತ್ತದೆ. ಮರಳಿ ಬರುವ ಎಣ್ಣೆಯ ದಿಕ್ಕನ್ನು ನಡುವಿನ ಸ್ಟೇಟರ್ ತಿದ್ದುವುದರಿಂದ, ನಿಂತ ಕಾರು ಹೊರಡುವಾಗ ಎಂಜಿನ್ನಿನ ಟಾರ್ಕ್ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. 1905ರಲ್ಲಿ ಜರ್ಮನಿಯ ಹರ್ಮನ್ ಫೊಟಿಂಗರ್ ಹಡಗುಗಳಿಗೆಂದು ಪೇಟೆಂಟ್ ಪಡೆದ ಉಪಾಯ ಇದು. ಹೊರಡುವಾಗ ಉಜ್ಜಿಕೊಳ್ಳುವ ಕ್ಲಚ್ ಇಲ್ಲದ್ದರಿಂದ ಏರಿನಲ್ಲಿ, ಜನಜಂಗುಳಿಯಲ್ಲಿ ಕಾರು ಮೆಲ್ಲಗೆ ತೆವಳಿದರೂ ಸವೆತವಿಲ್ಲ. ಆದರೆ ಎಣ್ಣೆ ಜಾರುವಷ್ಟೂ ಶಕ್ತಿ ಬಿಸಿಯಾಗಿ ಪೋಲಾಗುತ್ತದೆ. ಮೈಲೇಜ್ ತುಸು ಕಡಿಮೆ, ಪಿಕಪ್ ತುಸು ಮೆತ್ತಗೆ.

ಡ್ಯುಯಲ್ ಕ್ಲಚ್‌ನಲ್ಲಿ ಬೆಸ ಗೇರುಗಳಿಗೊಂದು, ಸಮ ಗೇರುಗಳಿಗೊಂದು ಕ್ಲಚ್. ಮೂರರಲ್ಲಿ ಓಡುವಾಗಲೇ ನಾಲ್ಕು ಸಿದ್ಧವಾಗಿ ಕೂತಿರುತ್ತದೆ. ಲಾರಿ ಸಾಲನ್ನು ಹಿಂದಿಕ್ಕುವಾಗ ಇದರ ಚುರುಕು ಬೇರೆಯೇ. ಪೋಲೂ ಕಡಿಮೆ. ಆದರೆ ಚಿತ್ರದುರ್ಗದ ಗಾಂಧಿ ವೃತ್ತದಲ್ಲಿ ಇಂಚಿಂಚು ಸರಿಯುವಾಗ ಅದು ಮಾಡುವುದು ಡ್ರೈವರುಗಳು ಬೈಯುವ ಹಾಫ್ ಕ್ಲಚ್ ಕೆಲಸವನ್ನೇ. ಒಣ ಕ್ಲಚ್ ಆಗಿದ್ದರೆ ತಣಿಸಲು ಎಣ್ಣೆಯೂ ಇಲ್ಲ, ಬೇಸಿಗೆಯ ಧಗೆ ಬೇರೆ. ಕ್ಲಚ್ ಸವೆದರೆ ಬಿಲ್ಲೂ ದೊಡ್ಡದೇ.

ಕಂಪನಿಗಳೂ ಒಂದೇ ಉತ್ತರ ಕೊಟ್ಟಿಲ್ಲ. 2022ರಲ್ಲಿ ಬಂದ ಫೋಕ್ಸ್‌ವ್ಯಾಗನ್ ವರ್ಟಸ್‌ನ 115 ಪಿಎಸ್ ಎಂಜಿನ್ನಿಗೆ ಆರು ಗೇರಿನ ಟಾರ್ಕ್ ಕನ್ವರ್ಟರ್, 150 ಪಿಎಸ್ ಎಂಜಿನ್ನಿಗೆ ಏಳು ಗೇರಿನ ಡ್ಯುಯಲ್ ಕ್ಲಚ್ ಕೊಟ್ಟರು. ಹಾಗೆಂದು ಶಕ್ತಿ ಹೆಚ್ಚಿದರೆ ಡ್ಯುಯಲ್ ಕ್ಲಚ್ಚೇ ಬೇಕೆಂದಲ್ಲ: 200 ಪಿಎಸ್‌ನ ಮಹೀಂದ್ರ ಎಕ್ಸ್‌ಯುವಿ700 ಪೆಟ್ರೋಲ್ ಆಟೊಮ್ಯಾಟಿಕ್‌ನಲ್ಲಿರುವುದು ಟಾರ್ಕ್ ಕನ್ವರ್ಟರೇ.

ಕನ್ವರ್ಟರನ್ನೇ ಬದಲಿಸಿ ಪಿಕಪ್ ಹೆಚ್ಚಿಸುವ ಆಸೆ ಕೆಲವರಿಗೆ. ಬ್ರೇಕ್ ಹಿಡಿದು ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಎಷ್ಟು ಆರ್‌ಪಿಎಂ ತಲುಪುತ್ತದೋ ಅದು ಸ್ಟಾಲ್ ಸ್ಪೀಡ್. ಬದಲಿ ಕನ್ವರ್ಟರಿನಲ್ಲಿ ಅದು ಹೆಚ್ಚಿದ್ದರೆ ಹೊರಡುವ ಹೊತ್ತಿಗೇ ಟರ್ಬೊ ಎಚ್ಚರವಾಗಿರುತ್ತದೆ, ಕಾರು ಚಿಮ್ಮುತ್ತದೆ. ರೇಸಿಗೆ ಇದು ಸರಿ. ದಿನಬಳಕೆಯಲ್ಲಿ ಮಾತ್ರ ಜಾರುವಿಕೆ ಹೆಚ್ಚು, ಎಣ್ಣೆ ಬೇಗ ಕಾಯುತ್ತದೆ, ಪ್ರತ್ಯೇಕ ಕೂಲರ್ ಬೇಕಾಗುತ್ತದೆ, ವಾರಂಟಿಗೂ ಕುತ್ತು.

ಇನ್ನು ಹೆದ್ದಾರಿಯ ಮಾತು. ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಗರಿಷ್ಠ ವೇಗ ಗಂಟೆಗೆ 100 ಕಿ.ಮೀ. ಆ ವೇಗದಲ್ಲಿ ಒಂದೇ ಸಮ ಹೋಗುವಾಗ ಕನ್ವರ್ಟರ್ ಒಳಗಿನ ಲಾಕ್‌ಅಪ್ ಕ್ಲಚ್ ಎರಡೂ ಬದಿಯನ್ನು ಬೆಸೆದುಬಿಡುತ್ತದೆ. ಜಾರುವಿಕೆ ನಿಲ್ಲುತ್ತದೆ, ಎರಡು ಬಗೆಯ ಗೇರ್‌ಬಾಕ್ಸ್‌ಗಳ ಅಂತರವೂ ಬಹುಪಾಲು ಅಳಿಯುತ್ತದೆ. ಅವು ನಿಜಕ್ಕೂ ಬೇರೆಯಾಗುವುದು ಮೊದಲ ಇಪ್ಪತ್ತು ಕಿ.ಮೀ. ವೇಗದೊಳಗೆ, ಆಮೇಲೆ ಹಿಂದಿಕ್ಕುವ ಕೆಲವು ಕ್ಷಣಗಳಲ್ಲಿ.

ವಾರಕ್ಕೆರಡು ಸಲ ಬೆಂಗಳೂರಿಗೆ ಹೋಗಿಬರುವ, ಚುರುಕನ್ನೇ ಬಯಸುವವರಿಗೆ ಡ್ಯುಯಲ್ ಕ್ಲಚ್ ತಕ್ಕದ್ದು. ಹೊಳಲ್ಕೆರೆ, ಹೊಸದುರ್ಗ, ತೋಟ, ಸಂತೆ ಎಂದು ತಿರುಗುವವರಿಗೆ ಕಂಪನಿ ಕೊಟ್ಟ ಟಾರ್ಕ್ ಕನ್ವರ್ಟರೇ ಮೇಲು. ತೀರ್ಮಾನವಾಗದಿದ್ದರೆ ಟೆಸ್ಟ್ ಡ್ರೈವ್‌ಗೆ ಕಾರನ್ನು ಹೆದ್ದಾರಿಗೆ ಒಯ್ಯಬೇಡಿ. ಸಂತೆಯ ದಿನ ಪೇಟೆಯೊಳಗೆ ಅರ್ಧ ಗಂಟೆ ಓಡಿಸಿ ನೋಡಿ.