ನೆಟ್ ಹೋದ ಲೆಕ್ಕ ಯಾರ ಕೈಯಲ್ಲಿರಬೇಕು?

ಊರಿನಲ್ಲಿ ಲೈನ್ ಕೆಲಸಕ್ಕೆಂದು ಕರೆಂಟ್ ತೆಗೆಯುವುದಿದ್ದರೆ ಮೆಸ್ಕಾಂನವರು ಮೊದಲೇ ಪತ್ರಿಕೆಗೆ ಕೊಡುತ್ತಾರೆ. ಯಾವ ಫೀಡರ್, ಯಾವ ಯಾವ ಊರು, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಎಂದು ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಾದರೂ ಬರುತ್ತದೆ. ಅದನ್ನು ನೋಡಿ ಮನೆಯವರು ಟ್ಯಾಂಕಿಗೆ ನೀರು ತುಂಬಿಸಿಡುತ್ತಾರೆ, ಮಸಾಲೆ ಮೊದಲೇ ಅರೆದಿಡುತ್ತಾರೆ. ಆದರೆ ಇಂಟರ್ನೆಟ್ ಹೋದರೆ? ಹೆಚ್ಚಿನ ಸಲ ಪತ್ರಿಕೆಯಲ್ಲೂ ಇಲ್ಲ, ಮೊಬೈಲಿಗೆ ಒಂದು ಮೆಸೇಜೂ ಇಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಮೊದಲು ಸಂಗೀತ, ಆಮೇಲೆ "ನಿಮ್ಮ ರೂಟರ್ ಆಫ್ ಮಾಡಿ ಆನ್ ಮಾಡಿ ನೋಡಿ" ಎಂಬ ಉಪದೇಶ.

ಅನಿವಾಸಿಗಳಾದ ನಮಗೆ ಇದು ರೀಲ್ಸ್ ನೋಡಲು ಆಗಲಿಲ್ಲ ಎಂಬಷ್ಟು ಸಣ್ಣ ವಿಷಯ ಅಲ್ಲ. ಸಂಬಳ ಊರಿಗೆ ಹೋಗುವುದು ಆ್ಯಪ್‌ನಲ್ಲಿ. ಆಸ್ಪತ್ರೆಯ ಬಿಲ್ಲಿನ ಫೋಟೋ ಬರುವುದು ವಾಟ್ಸ್ಆ್ಯಪ್‌ನಲ್ಲಿ. ಉಮ್ಮನ ಮುಖ ಕಾಣುವುದು, ಮಗು ನಡೆಯಲು ಕಲಿತದ್ದು ಗೊತ್ತಾಗುವುದು ವಿಡಿಯೋ ಕಾಲಿನಲ್ಲಿ. ಹತ್ತು ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ, ಸ್ನಾನ ಊಟ ಆಗಿ, ಮಾತಾಡಲು ಸಿಗುವುದು ಅರ್ಧ ಗಂಟೆ. ದುಬೈಯಲ್ಲಿ ರಾತ್ರಿ ಒಂಬತ್ತು ಎಂದರೆ ಊರಿನಲ್ಲಿ ಹತ್ತೂವರೆ. ನೆಟ್ ಬರಲಿ ಎಂದು ಇನ್ನೊಂದು ಗಂಟೆ ಕಾದರೆ ಮನೆಯವರು ಮಲಗಿಯಾಗಿರುತ್ತದೆ. ಆ ದಿನದ ಮಾತು ಅಲ್ಲಿಗೆ ಹೋಯಿತು.

ನೆಟ್ ಹೋಗುವುದಕ್ಕಿಂತ ದೊಡ್ಡ ಉಪದ್ರ, ಅದು ಎಲ್ಲಿ ಹೋಗಿದೆ ಎಂದು ಗೊತ್ತಾಗದೇ ಇರುವುದು. ರೂಮಿನ ವೈಫೈ ಕೆಟ್ಟಿರಬಹುದು. ಕಂಪನಿಯ ಜಾಲವೇ ನಿಂತಿರಬಹುದು. ಸಮುದ್ರದ ಅಡಿಯ ಕೇಬಲ್ ತುಂಡಾಗಿರಬಹುದು. ಆ್ಯಪ್‌ನವರದ್ದೇ ಸಮಸ್ಯೆ ಇರಬಹುದು. ಊರಿನಲ್ಲಿ ಮಳೆಗೆ ಮರ ಬಿದ್ದು ಫೈಬರ್ ತುಂಡಾಗಿರಬಹುದು, ಕರೆಂಟ್ ಇಲ್ಲದೆ ಟವರಿನ ಬ್ಯಾಟರಿ ಮುಗಿದಿರಬಹುದು. ನಮ್ಮ ಮೊಬೈಲ್ ಪರದೆಯಲ್ಲಿ ಇವೆಲ್ಲಕ್ಕೂ ಒಂದೇ ಮುಖ: ಸುತ್ತುತ್ತಲೇ ಇರುವ ಒಂದು ಚಕ್ರ. ಕಾರಣ ಗೊತ್ತಿಲ್ಲದವನು ಎಂತ ಮಾಡುತ್ತಾನೆ? ಡೇಟಾ ಮುಗಿದಿರಬೇಕು ಎಂದು ಇನ್ನೊಮ್ಮೆ ರೀಚಾರ್ಜ್ ಮಾಡುತ್ತಾನೆ. ಹಣ ಹೋಯಿತೋ ಇಲ್ಲವೋ ಗೊತ್ತಾಗದೆ ಎರಡು ಸಲ ಕಳಿಸಲು ನೋಡುತ್ತಾನೆ. ಅತ್ತ ಊರಿನಲ್ಲಿ "ನಿನ್ನೆಯಿಂದ ಆನ್‌ಲೈನ್ ಬರಲೇ ಇಲ್ಲ, ಎಲ್ಲಿದ್ರಿ?" ಎಂದು ಶುರುವಾದ ಮಾತು ಜಗಳದವರೆಗೆ ಹೋಗುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ. ನೆಟ್ ಎಲ್ಲಿ ಹೋಯಿತು, ಎಷ್ಟು ಹೊತ್ತು ಹೋಯಿತು, ಯಾಕೆ ಹೋಯಿತು ಎಂಬ ಲೆಕ್ಕ ಕಂಪನಿಯ ಒಳಗಿನ ಪುಸ್ತಕದಲ್ಲಿ ಮಾತ್ರ ಇರಬಾರದು. ಹಣ ಕೊಡುವವನಿಗೂ ಅದು ನಕ್ಷೆಯ ರೂಪದಲ್ಲಿ, ಓದಲು ಕಷ್ಟ ಇರುವವನಿಗೂ ಅರ್ಥವಾಗುವ ಹಾಗೆ ಸಿಗಬೇಕು. ಈ ಕೆಲಸದಲ್ಲಿ ನಮ್ಮ ಸಂಘಟನೆಗಳ ಪಾಲೂ ಇದೆ.

"ಇದೆಲ್ಲ ಆಗುವ ಕೆಲಸವಾ ಮಾರಾಯ್ರೇ?" ಎಂದು ಕೇಳಬಹುದು. ಆಗುವ ಕೆಲಸವೇ, ಈಗಾಗಲೇ ಆಗುತ್ತಲೂ ಇದೆ. ಕಂಪನಿಯ ಒಳಗೆ ಹೋಗದೆ ಹೊರಗಿನಿಂದಲೇ ಜಾಲದ ನಾಡಿ ಹಿಡಿದು ನೋಡಲು ಕೆಲವು ದಾರಿಗಳಿವೆ. ಒಂದನೆಯದು, ದಾರಿಯ ಘೋಷಣೆ. ಪ್ರತಿಯೊಂದು ಇಂಟರ್ನೆಟ್ ಕಂಪನಿ "ಇಂತಿಂಥ ವಿಳಾಸಗಳಿಗೆ ನನ್ನ ಮೂಲಕ ಬನ್ನಿ" ಎಂದು ಬೇರೆ ಕಂಪನಿಗಳಿಗೆ ಸದಾ ಸಾರುತ್ತಿರುತ್ತದೆ. ಇದಕ್ಕೆ ಬಿಜಿಪಿ ಎನ್ನುತ್ತಾರೆ. ಆ ಸಾರುವಿಕೆ ತಟ್ಟನೆ ನಿಂತರೆ ಜಗತ್ತಿನ ಬೇರೆ ಮೂಲೆಯಲ್ಲಿ ಕುಳಿತವನಿಗೂ ಗೊತ್ತಾಗುತ್ತದೆ. ಎರಡನೆಯದು, ಕದ ತಟ್ಟುವುದು. ಲಕ್ಷಾಂತರ ವಿಳಾಸಗಳಿಗೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದೋ ಎಂದು ನೋಡುವುದು. ಮೂರನೆಯದು, ಸಂಚಾರ ಎಣಿಸುವುದು. ದಿನವೂ ಇಷ್ಟು ಹೊತ್ತಿಗೆ ಇಷ್ಟು ಓಡಾಟ ಇರುವ ರಸ್ತೆ ಒಮ್ಮೆಲೇ ಖಾಲಿಯಾದರೆ ಎಲ್ಲೋ ತೊಂದರೆ ಆಗಿದೆ ಎಂದೇ ಅರ್ಥ.

ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಐಯೋಡಾ ಎಂಬ ಯೋಜನೆ ಇಂಥ ಹಲವು ಅಳತೆಗಳನ್ನು ಒಟ್ಟಿಗೆ ಇಟ್ಟು ದೇಶ, ಪ್ರದೇಶ, ಕಂಪನಿ ಹೀಗೆ ಬೇರೆ ಬೇರೆಯಾಗಿ ತೋರಿಸುತ್ತದೆ. ಕ್ಲೌಡ್‌ಫ್ಲೇರ್ ರಾಡಾರ್‌ನಲ್ಲಿ ಸಂಚಾರದ ಗೆರೆ ಕಾಣುತ್ತದೆ. ನೆಟ್ ಹೋದ ಹೊತ್ತಿಗೆ ಆ ಗೆರೆ ಬಾವಿಗೆ ಬಿದ್ದ ಹಾಗೆ ಕೆಳಗೆ ಬೀಳುತ್ತದೆ, ಸರಿಯಾದಾಗ ಮೇಲೆ ಏರುತ್ತದೆ. ಯುರೋಪಿನ ರೈಪ್ ಸಂಸ್ಥೆಯವರು ಸ್ವಯಂಸೇವಕರ ಮನೆ, ಆಫೀಸುಗಳಲ್ಲಿ ಅಂಗೈಯಗಲದ ಅಳತೆ ಯಂತ್ರಗಳನ್ನು ಇಟ್ಟಿದ್ದಾರೆ. ಜಗತ್ತಿನಾದ್ಯಂತ ಅಂಥವು ಹತ್ತು ಸಾವಿರಕ್ಕೂ ಹೆಚ್ಚು ಇವೆ. ಇವನ್ನೆಲ್ಲ ಮೊಬೈಲಿನಲ್ಲೇ ಪುಕ್ಕಟೆ ನೋಡಬಹುದು. ಡೌನ್‌ಡಿಟೆಕ್ಟರ್‌ನ ದಾರಿ ಬೇರೆ. ಅದು ಮುಖ್ಯವಾಗಿ ಬಳಕೆದಾರರು ಕೊಟ್ಟ ದೂರುಗಳನ್ನು ಎಣಿಸುತ್ತದೆ. ದೂರು ಕೊಡದವರು ಅದರ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನು ನೆನಪಿಡಬೇಕು.

ಇದರಿಂದ ಪ್ರಯೋಜನ ಏನು? 2021ರ ಅಕ್ಟೋಬರ್ 4ರ ರಾತ್ರಿ ನೆನಪಿಸಿಕೊಳ್ಳಿ. ವಾಟ್ಸ್ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ನಿಂತವು. ಫೇಸ್‌ಬುಕ್ ಕಂಪನಿಯೊಳಗೆ ನಡೆದ ದುರಸ್ತಿ ಕೆಲಸದಲ್ಲಿ ಎಡವಟ್ಟಾಗಿ, "ನನ್ನ ಮೂಲಕ ಬನ್ನಿ" ಎಂಬ ಅದರ ಘೋಷಣೆಗಳೇ ಇಂಟರ್ನೆಟ್‌ನಿಂದ ಮಾಯವಾಗಿದ್ದವು. ಅಂದು ನಮ್ಮ ಸಿಮ್ ಕಂಪನಿಯದ್ದೂ ತಪ್ಪಿರಲಿಲ್ಲ, ರೂಮಿನ ವೈಫೈಯದ್ದೂ ತಪ್ಪಿರಲಿಲ್ಲ. ನಕ್ಷೆ ನೋಡಿದವನಿಗೆ ಅದು ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು, ನೋಡದವನು ಫೋನನ್ನು ಆಫ್ ಆನ್ ಮಾಡುತ್ತಾ ಕುಳಿತ.

ಕೇಬಲ್ ತುಂಡಾದಾಗಿನ ಕಥೆ ಬೇರೆ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಹತ್ತಿರ ಎರಡು ಕೇಬಲ್, ಎರಡು ದಿನ ಬಿಟ್ಟು ಯುಎಇ ಮತ್ತು ಒಮಾನ್ ನಡುವೆ ಫಾಲ್ಕನ್ ಎಂಬ ಇನ್ನೊಂದು ಕೇಬಲ್ ತುಂಡಾಗಿ ಗಲ್ಫ್ ಮತ್ತು ಭಾರತ ಎರಡೂ ಕಡೆ ನೆಟ್ ಕುಂಟಿತು. ಆ ಮೂರನೆಯ ಕೇಬಲನ್ನು ಕಡಿದದ್ದು ಹಡಗೊಂದು ಬಿಟ್ಟುಹೋದ ಲಂಗರು. 2025ರ ಸೆಪ್ಟೆಂಬರ್ 6ರಂದು ಕೆಂಪು ಸಮುದ್ರದಲ್ಲಿ, ಜಿದ್ದಾದ ಹತ್ತಿರ, ಕೇಬಲ್‌ಗಳು ತುಂಡಾದಾಗ ಯುಎಇ, ಭಾರತ, ಪಾಕಿಸ್ತಾನಗಳಲ್ಲಿ ನೆಟ್ ನಿಧಾನವಾಯಿತು. ಭಾರತ, ಪಾಕಿಸ್ತಾನ ಸೇರಿ ಹಲವು ದೇಶಗಳಿಗೆ ಪೆಟ್ಟು ಬಿದ್ದಿದೆ ಎಂದು ನೆಟ್‌ಬ್ಲಾಕ್ಸ್ ಎಂಬ ನಿಗಾ ಸಂಸ್ಥೆ ಕೂಡಲೇ ಹೇಳಿತು. ದುಬೈಯಿಂದ ಮಂಗಳೂರಿಗೆ ವಿಮಾನ ನೇರ ಹೋಗಬಹುದು, ನಮ್ಮ ಫೋಟೋ ಮತ್ತು ಮಾತು ಹೋಗುವ ದಾರಿ ಅಷ್ಟು ನೇರ ಇರುವುದಿಲ್ಲ. ಇಂಥ ಹೊತ್ತಿನಲ್ಲಿ "ನಿಧಾನ ಇದೆ, ಕೆಲವು ದಿನ ಹೀಗೇ ಇರಬಹುದು" ಎಂದು ಗೊತ್ತಿದ್ದರೆ ಹಣ ಕಳಿಸುವ ಕೆಲಸವನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳುವುದಿಲ್ಲ, ವಿಡಿಯೋ ಬಿಟ್ಟು ವಾಯ್ಸ್ ಮೆಸೇಜ್ ಕಳಿಸುತ್ತೇವೆ.

ಇನ್ನೊಂದು ಬಗೆಯ ಕಡಿತ ನಮ್ಮ ಜಿಲ್ಲೆಯವರಿಗೆ ಮರೆಯುವಂಥದ್ದಲ್ಲ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಗೋಲಿಬಾರ್ ಆಗಿ ಇಬ್ಬರು ಪ್ರಾಣ ಕಳೆದುಕೊಂಡರು. ಆ ರಾತ್ರಿಯಿಂದ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್ನೆಟ್ ನಿಲ್ಲಿಸಲು ಸರಕಾರದ ಆದೇಶವಾಯಿತು. ಮನೆಯವರು ಸುರಕ್ಷಿತವಾಗಿದ್ದಾರೋ ಇಲ್ಲವೋ ಎಂದು ತಿಳಿಯಬೇಕಾದ ಹೊತ್ತಿನಲ್ಲೇ ವಾಟ್ಸ್ಆ್ಯಪ್ ಮೌನವಾಯಿತು. ಮರುವರ್ಷದ ಜನವರಿ 10ರಂದು ಕಾಶ್ಮೀರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಆದೇಶಗಳನ್ನು ಪ್ರಕಟಿಸಬೇಕು, ಅನಿರ್ದಿಷ್ಟ ಕಾಲ ಇಂಟರ್ನೆಟ್ ನಿಲ್ಲಿಸುವಂತಿಲ್ಲ ಎಂದು ಹೇಳಿತು. ಆದೇಶ ಪ್ರಕಟವಾಗಿದೆಯೋ ಇಲ್ಲವೋ ಎಂದು ನೋಡುವುದು ಒಂದು. ಆದೇಶದಲ್ಲಿ ಹೇಳಿದಷ್ಟೇ ಹೊತ್ತು ನಿಂತಿತೋ, ಹೆಚ್ಚು ನಿಂತಿತೋ ಎಂದು ಅಳೆಯುವುದು ಇನ್ನೊಂದು. ಅದಕ್ಕೆ ಹೊರಗಿನವರ ಲೆಕ್ಕವೇ ಬೇಕು. ನಿಲ್ಲಿಸಿದವರೇ ಲೆಕ್ಕ ಬರೆದರೆ ಪ್ರಶ್ನಿಸಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಲೆಕ್ಕ ಬಹಿರಂಗ ಮಾಡಬಾರದು ಎನ್ನುವವರೂ ಇದ್ದಾರೆ. ಅಮೆರಿಕದಲ್ಲಿ ಕಂಪನಿಗಳು ಜಾಲ ಕೆಟ್ಟ ವರದಿಯನ್ನು ಸರಕಾರಕ್ಕೆ ಕೊಡಲೇಬೇಕು, ಆದರೆ ಆ ವರದಿ ಗೋಪ್ಯ. ದೇಶದ ಭದ್ರತೆ, ಕಂಪನಿಗಳ ಪೈಪೋಟಿ ಎಂಬುದು ಅವರ ಕಾರಣ. ಯಾವ ಕೇಬಲ್ ಯಾವ ಗುಂಡಿಯಲ್ಲಿ ಹೋಗುತ್ತದೆ ಎಂದು ಯಾರೂ ಕೇಳುತ್ತಿಲ್ಲ. ಬಂಟ್ವಾಳದಲ್ಲಿ ನೆಟ್ ಇಲ್ಲ, ಸಂಜೆಯೊಳಗೆ ಬರುತ್ತದೆ ಎಂದು ಹೇಳಿದರೆ ಯಾವ ಗುಟ್ಟು ಬಯಲಾಗುತ್ತದೆ? ನೆಟ್ ಇಲ್ಲ ಎಂಬುದು ಬಂಟ್ವಾಳದವರಿಗೆಲ್ಲ ಮೊದಲೇ ಗೊತ್ತು. ಆಸ್ಟ್ರೇಲಿಯಾದಲ್ಲಿ 2023ರ ನವೆಂಬರ್ 8ರಂದು ಆಪ್ಟಸ್ ಕಂಪನಿಯ ಜಾಲ ದೇಶದಾದ್ಯಂತ ಗಂಟೆಗಟ್ಟಲೆ ನಿಂತಿತು. ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ ತುರ್ತು ನಂಬರಿಗೂ ಕರೆ ಹೋಗಲಿಲ್ಲ. ಆಮೇಲೆ ಅಲ್ಲಿ ದೊಡ್ಡ ಕಡಿತವಾದರೆ ಗ್ರಾಹಕರಿಗೆ ತಿಳಿಸಲೇಬೇಕೆಂಬ ನಿಯಮ ಬಂತು.

ನಮ್ಮ ದೇಶದಲ್ಲೂ ಅರ್ಧ ದಾರಿ ನಡೆದಾಗಿದೆ. ಟ್ರಾಯ್ 2024ರಲ್ಲಿ ಮಾಡಿದ ನಿಯಮದ ಪ್ರಕಾರ ಜಿಲ್ಲೆಯೊಂದರಲ್ಲಿ ಜಾಲ 4 ಗಂಟೆಗಿಂತ ಹೆಚ್ಚು ನಿಂತರೆ ಕಂಪನಿ 24 ಗಂಟೆಯೊಳಗೆ ಟ್ರಾಯ್‌ಗೆ ವರದಿ ಕೊಡಬೇಕು. 24 ಗಂಟೆಗಿಂತ ಹೆಚ್ಚಾದರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆಯಲ್ಲಿ ಕಡಿತ, ಪ್ರಿಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ ಸಿಗಬೇಕು. ಪ್ರಕೃತಿ ವಿಕೋಪಕ್ಕೆ ವಿನಾಯಿತಿ ಇದೆ. ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ಎಲ್ಲೆಲ್ಲಿ ಸಿಗ್ನಲ್ ಇದೆ ಎಂಬ ನಕ್ಷೆಯನ್ನೂ ಹಾಕಬೇಕು. ಒಳ್ಳೆಯದೇ. ಆದರೆ ಆ ನಕ್ಷೆ ತೋರಿಸುವುದು ಸಿಗ್ನಲ್ ಇರಬೇಕಾದ ಜಾಗವನ್ನು. ಇವತ್ತು, ಈ ಗಂಟೆಯಲ್ಲಿ ಎಲ್ಲಿ ಇಲ್ಲ ಎಂಬ ನಕ್ಷೆ ಅದರ ಪಕ್ಕದಲ್ಲಿ ಬರಬೇಕು, ಹಿಂದಿನ ತಿಂಗಳುಗಳ ಲೆಕ್ಕವೂ ಅಳಿಯದೆ ಉಳಿಯಬೇಕು, ಅದು ಕನ್ನಡದಲ್ಲೂ ಇರಬೇಕು. ನಮ್ಮ ಶಾಸಕರು, ಸಂಸದರು ಗಲ್ಫ್‌ಗೆ ಬಂದು ವೇದಿಕೆ ಹತ್ತಿದಾಗ ಇಡಬಹುದಾದ ಸ್ಪಷ್ಟ ಬೇಡಿಕೆ ಇದು.

ದೊಡ್ಡ ನಕ್ಷೆಗಳಿಗೂ ಕಾಣದ ಜಾಗ ಒಂದಿದೆ. ಅದು ನಮ್ಮ ಕ್ಯಾಂಪು. ಮುನ್ನೂರು ಮಂದಿ ಇರುವ ಲೇಬರ್ ಕ್ಯಾಂಪಿನಲ್ಲಿ ಎರಡು ದಿನ ವೈಫೈ ಇಲ್ಲದಿದ್ದರೆ ದೇಶದ ಗೆರೆ ಒಂದು ಕೂದಲೆಳೆಯಷ್ಟೂ ಅಲುಗುವುದಿಲ್ಲ. ಅಲ್ಲಿ ಬಿಲ್ಲು ಒಬ್ಬನ ಹೆಸರಿನಲ್ಲಿ, ಹಣ ಕೊಡುವವರು ಮೂವತ್ತು ಮಂದಿ. ಹಾಗಾಗಿ ದೂರು ಕೊಡುವವನೂ ಇಲ್ಲ. ಆ ಲೆಕ್ಕವನ್ನು ಯಾವ ವಿಶ್ವವಿದ್ಯಾಲಯವೂ ಬರೆಯುವುದಿಲ್ಲ. ನಾವೇ ಬರೆಯಬೇಕು.

ಕೆಲಸ ದೊಡ್ಡದಲ್ಲ. ಪ್ರತಿ ರೂಮಿನಲ್ಲಿ ಒಬ್ಬರು ಒಂದು ಪುಸ್ತಕ ಇಡಲಿ. ತಾರೀಕು, ನೆಟ್ ಹೋದ ಗಂಟೆ, ಬಂದ ಗಂಟೆ, ಏರಿಯಾ, ಯಾವ ಕಂಪನಿ, ವೈಫೈಯೋ ಮೊಬೈಲ್ ಡೇಟಾವೋ, ಪಕ್ಕದವನ ಬೇರೆ ಕಂಪನಿಯ ಸಿಮ್‌ನಲ್ಲಿ ಬರುತ್ತಿತ್ತೋ. ಇಷ್ಟು ಸಾಕು. ತಿಂಗಳ ಕೊನೆಗೆ ಘಟಕದವರು ಇದನ್ನು ಒಂದು ಶೀಟಿಗೆ ಹಾಕಿ, ನೆಟ್ ಇದ್ದ ದಿನಕ್ಕೆ ಹಸಿರು, ಹೋದ ದಿನಕ್ಕೆ ಕೆಂಪು ಬಣ್ಣ ಕೊಟ್ಟರೆ ಅದೇ ನಮ್ಮ ನಕ್ಷೆ. ಒಂದೇ ಕಟ್ಟಡಕ್ಕೆ ತಿಂಗಳಲ್ಲಿ ಎಂಟು ಕೆಂಪು ಇದ್ದರೆ "ರೂಟರ್ ಆಫ್ ಮಾಡಿ ಆನ್ ಮಾಡಿ" ಎಂಬ ಉತ್ತರ ನಡೆಯುವುದಿಲ್ಲ.

ಎರಡು ಎಚ್ಚರಿಕೆ. ಯುಎಇಯಲ್ಲಿ ವಾಟ್ಸ್ಆ್ಯಪ್ ಕರೆ ಹೋಗದಿರುವುದು ನೆಟ್ ಕೆಟ್ಟದ್ದಲ್ಲ, ಅಲ್ಲಿಯ ನಿಯಮ. ಅದನ್ನು ಈ ಪುಸ್ತಕದಲ್ಲಿ ಬರೆಯಬೇಡಿ. ಎರಡನೆಯದು, ಈ ಲೆಕ್ಕವನ್ನು ಹಿಡಿದು ಕಂಪನಿಯ ಮೇಲೆ ಫೇಸ್‌ಬುಕ್‌ನಲ್ಲಿ ಬೈಯಲು ಹೋಗಬೇಡಿ. ಇಲ್ಲಿಯ ಸೈಬರ್ ಕಾನೂನು ಬಿಗಿ. ಮೊದಲು ಕಂಪನಿಗೆ ದೂರು ಕೊಟ್ಟು ನಂಬರ್ ತೆಗೆದುಕೊಳ್ಳಿ. ಅಲ್ಲಿ ಪರಿಹಾರ ಸಿಗದಿದ್ದರೆ ಯುಎಇಯಲ್ಲಿ ಟಿಡಿಆರ್‌ಎ, ಸೌದಿಯಲ್ಲಿ ಸಿಎಸ್‌ಟಿ ಎಂಬ ಸರಕಾರಿ ಸಂಸ್ಥೆಗಳು ಗ್ರಾಹಕರ ದೂರು ತೆಗೆದುಕೊಳ್ಳುತ್ತವೆ. ತಾರೀಕು, ಗಂಟೆ ಬರೆದಿಟ್ಟ ದೂರಿಗೂ ಬರೀ ಬಾಯಿಮಾತಿನ ದೂರಿಗೂ ವ್ಯತ್ಯಾಸ ಇದೆ.

ಊರಿನಲ್ಲಿರುವ ಮನೆಯವರಲ್ಲೂ ಒಂದು ವಿನಂತಿ. ಒಂದು ದಿನ ಕಾಲ್ ಬಾರದಿದ್ದರೆ ಗಾಬರಿಯಾಗುವ ಮೊದಲು, ಸಿಟ್ಟು ಮಾಡುವ ಮೊದಲು, ಮಕ್ಕಳ ಕೈಯಲ್ಲಿ ಆ ನಕ್ಷೆಗಳನ್ನು ಒಮ್ಮೆ ತೆಗೆಸಿ ನೋಡಿ. ಅದೇ ಊರಿನಲ್ಲಿರುವ ಇನ್ನೊಬ್ಬರ ಮನೆಗೆ ಕರೆ ಬಂದಿದೆಯೋ ಕೇಳಿ. ಇಲ್ಲಿರುವವರು ಅಂಥ ತುರ್ತಿಗೆಂದು ಸಾಧಾರಣ ಇಂಟರ್‌ನ್ಯಾಷನಲ್ ಕರೆಗೆ ಸಾಕಾಗುವಷ್ಟು ಬ್ಯಾಲೆನ್ಸ್ ಬೇರೆಯೇ ಇಟ್ಟುಕೊಳ್ಳಿ. ಪುಸ್ತಕದ ಕೆಲಸವನ್ನು ಬರುವ ಒಂದನೇ ತಾರೀಕಿನಿಂದ ಶುರು ಮಾಡುವ, ಮೂರು ತಿಂಗಳ ಲೆಕ್ಕ ಕೈಗೆ ಬಂದ ಮೇಲೆ ಎಲ್ಲಿ, ಯಾರ ಮುಂದೆ ಇಡಬೇಕು ಎಂದು ಕೂತು ಮಾತಾಡುವ.